ಪೊಲೀಸರು ಹೆದರಿಸಿ ಹಣ ಕಿತ್ತುಕೊಂಡರೆ: ಪೋಸ್ಟ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ

ಊರು ಬೇರೆಯಾದರೂ ಓದುಗರು ಕೇಳುವ ಪ್ರಶ್ನೆ ಒಂದೇ. ರಾತ್ರಿ ಗಸ್ತಿನವರು ತಡೆದರು, ಕೇಸು ಹಾಕುತ್ತೇವೆಂದು ಹೆದರಿಸಿದರು, ಇಷ್ಟು ಕೊಟ್ಟು ಹೋಗಿ ಎಂದರು, ಕೊಟ್ಟು ಬಂದೆವು. ಈಗ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಬರೆದರೆ ನ್ಯಾಯ ಸಿಗುತ್ತದೆಯೇ? ಬರೆದ ತಪ್ಪಿಗೆ ನಮ್ಮ ಮೇಲೆಯೇ ಕೇಸು ಬೀಳುತ್ತದೆಯೇ?

ಬರೆಯಿರಿ. ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಪೋಸ್ಟ್ ಬೇರೆ, ದೂರು ಬೇರೆ. ಪೋಸ್ಟ್ ನೋಡಿದ ಮೇಲಧಿಕಾರಿ ಆ ಸಿಬ್ಬಂದಿಯನ್ನು ಅಮಾನತು ಮಾಡಬಹುದು. ಅಮಾನತು ಎಂದರೆ ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದು. ಅದು ಶಿಕ್ಷೆಯಲ್ಲ, ಮುಂದೆ ಸಾಕ್ಷ್ಯ ಸಿಗದಿದ್ದರೆ ಅದೇ ಸಿಬ್ಬಂದಿ ಅದೇ ಸಮವಸ್ತ್ರದಲ್ಲಿ ಮರಳುತ್ತಾರೆ. ಪ್ರಕರಣ ದಾಖಲಾಗಿ ತನಿಖೆ ನಡೆಯಬೇಕಾದರೆ ನಿಮ್ಮ ಸಹಿಯಿರುವ ಕಾಗದ ಬೇಕು. ಆ ಕಾಗದಕ್ಕೆ ಏಳು ದಿನಗಳ ಗಡುವಿದೆ. ನನಗೆ ಬರೆದವರಲ್ಲಿ ಹೆಚ್ಚಿನವರಿಗೆ ಈ ಗಡುವಿನ ವಿಷಯವೇ ತಿಳಿದಿರಲಿಲ್ಲ, ಈ ಲೇಖನ ಬರೆಯಲು ಮುಖ್ಯ ಕಾರಣ ಅದೇ.

ಪೋಸ್ಟಿನಿಂದ ಏನಾಗಬಹುದು ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕು. 2022ರ ಡಿಸೆಂಬರ್‌ನಲ್ಲಿ, ಮಾನ್ಯತಾ ಟೆಕ್ ಪಾರ್ಕ್ ಬಳಿ, ಸ್ನೇಹಿತರ ಮನೆಯ ಹುಟ್ಟುಹಬ್ಬ ಮುಗಿಸಿ ನಡುರಾತ್ರಿಯ ಹೊತ್ತಿಗೆ ನಡೆದು ಬರುತ್ತಿದ್ದ ದಂಪತಿಯನ್ನು ಹೊಯ್ಸಳ ಗಸ್ತು ವಾಹನದ ಇಬ್ಬರು ಸಿಬ್ಬಂದಿ ತಡೆದರು. ಮನೆ ಕೂಗಳತೆಯಲ್ಲಿತ್ತು. ರಾತ್ರಿ 11ರ ನಂತರ ರಸ್ತೆಯಲ್ಲಿ ಓಡಾಡುವಂತಿಲ್ಲ ಎಂದು ಹೇಳಿ 3,000 ರೂಪಾಯಿ ‘ದಂಡ’ ಕೇಳಿದರು. ಬೇಡಿಕೊಂಡ ಮೇಲೆ 1,000 ರೂಪಾಯಿಗೆ ಇಳಿದರು, ಪೇಟಿಎಂ ಕ್ಯೂಆರ್ ಕೋಡ್ ತೋರಿಸಿ ಹಾಕಿಸಿಕೊಂಡರು. ಗಂಡ ಮರುದಿನ ಇಡೀ ಘಟನೆಯನ್ನು ನಗರ ಪೊಲೀಸ್ ಆಯುಕ್ತರಿಗೆ ಟ್ಯಾಗ್ ಮಾಡಿ ಸಾಲುಸಾಲಾಗಿ ಬರೆದರು. ಡಿಸಿಪಿ, ಅಂದರೆ ಉಪ ಪೊಲೀಸ್ ಆಯುಕ್ತರು, ಅಲ್ಲಿಯೇ ಉತ್ತರಿಸಿದರು, ಇಬ್ಬರೂ ಅಮಾನತಾದರು. ಮುಂದಿನ ತಿಂಗಳು ಕುಂದಲಹಳ್ಳಿ ಕೆರೆಯ ಬಳಿ ಸ್ನೇಹಿತನೊಡನೆ ಕುಳಿತಿದ್ದ ಯುವತಿಯೊಬ್ಬರನ್ನು ಗೃಹರಕ್ಷಕ ಸಿಬ್ಬಂದಿಯೊಬ್ಬರು ಇದೇ ರೀತಿ ಪೀಡಿಸಿದ ದೂರು ಕೂಡ ಟ್ವಿಟರ್‌ನಲ್ಲಿಯೇ ಮೊದಲು ಕಾಣಿಸಿಕೊಂಡಿತು, ಅಲ್ಲಿಯೂ ಕ್ರಮವಾಯಿತು.

ಆ ದಂಪತಿಯ ಬರಹದಲ್ಲಿ ಬೈಗುಳಕ್ಕಿಂತ ವಿವರ ಹೆಚ್ಚಾಗಿತ್ತು. ಎಲ್ಲಿ, ಎಷ್ಟು ಹೊತ್ತಿಗೆ, ಏನು ಕೇಳಿದರು, ಎಷ್ಟು ಕೊಟ್ಟೆವು, ಹೇಗೆ ಕೊಟ್ಟೆವು, ಎಲ್ಲವೂ ಅದರಲ್ಲಿತ್ತು. ಅಧಿಕಾರಿಗೆ ಕ್ರಮ ಕೈಗೊಳ್ಳಲು ಬೇಕಾದದ್ದು ಅಷ್ಟೇ.

ಎರಡು ಪದಗಳನ್ನು ಬೇರೆ ಮಾಡಿಕೊಳ್ಳಿ

ಲಂಚ ಎಂದರೆ ಸರ್ಕಾರಿ ನೌಕರ ತನ್ನ ಕೆಲಸ ಮಾಡಲು ಅಥವಾ ಮಾಡದಿರಲು ಪಡೆಯುವ ಅಕ್ರಮ ಲಾಭ. ಇದಕ್ಕೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಂ ಅನ್ವಯಿಸುತ್ತದೆ, ಶಿಕ್ಷೆ ಮೂರರಿಂದ ಏಳು ವರ್ಷ. ಸುಲಿಗೆ ಎಂದರೆ ನಿಮಗೆ ಹಾನಿ ಮಾಡುವ ಭಯ ಹುಟ್ಟಿಸಿ ಹಣ ಕಸಿಯುವುದು. ಇದು ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ, ಏಳು ವರ್ಷಗಳವರೆಗೆ ಶಿಕ್ಷೆ. ಬಿಡದೆ ತಡೆದು ನಿಲ್ಲಿಸಿದ್ದರೆ 126ನೇ ಕಲಂ, ಎಲ್ಲಿಯೋ ಕೂಡಿಹಾಕಿದ್ದರೆ 127.

ಕಲಂಗಳನ್ನು ನೀವು ಬಾಯಿಪಾಠ ಮಾಡಬೇಕಾಗಿಲ್ಲ. ದೂರಿನಲ್ಲಿ ಬಳಸುವ ಮಾತಿನ ಬಗ್ಗೆ ಮಾತ್ರ ಎಚ್ಚರವಿರಲಿ. ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರಿಗೆ 8ನೇ ಕಲಂ ರಕ್ಷಣೆ ಕೊಡುತ್ತದೆ, ಆದರೆ ಕೊಟ್ಟ ದಿನದಿಂದ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿರಬೇಕು. ಎಕ್ಸ್‌ನಲ್ಲಿ ಟ್ಯಾಗ್ ಮಾಡಿದ್ದು ಈ ‘ತಿಳಿಸುವಿಕೆ’ಗೆ ಸಾಕು ಎಂದು ಭಾವಿಸಬೇಡಿ. ‘ಲಂಚ ಕೊಟ್ಟೆ’ ಎಂದು ಒಂದೇ ಮಾತಿನಲ್ಲಿ ಬರೆದು ಮುಗಿಸುವ ಬದಲು, ‘ಇಂಥ ಮಾತು ಹೇಳಿ ಹೆದರಿಸಿದ್ದರಿಂದ ಬೇರೆ ದಾರಿ ಕಾಣದೆ ಹಣ ಕೊಟ್ಟೆ’ ಎಂದು ನಡೆದದ್ದನ್ನು ನಡೆದಂತೆ ಬರೆಯಿರಿ.

ಹಂತ 1: ರಸ್ತೆಯಲ್ಲಿ ನಿಂತಿರುವಾಗ

ಮೊದಲು ಸುರಕ್ಷತೆ. ನಡುರಾತ್ರಿ ಒಬ್ಬರೇ ಇದ್ದು ಜೀವಭಯವಾದರೆ ಹಣ ಕೊಟ್ಟು ಬನ್ನಿ. ಅದು ಹೇಡಿತನವಲ್ಲ, ಹಾಗೆ ಕೊಟ್ಟವರಿಗೆಂದೇ ಕಾನೂನು ಆ ಏಳು ದಿನ ಇಟ್ಟಿದೆ.

ಮಾತಾಡುವ ಅವಕಾಶವಿದ್ದರೆ ಒಂದೇ ಪ್ರಶ್ನೆಯನ್ನು ಮೆಲುದನಿಯಲ್ಲಿ ಕೇಳಿ: “ಸರ್, ಯಾವ ಕಾನೂನಿನಡಿ ದಂಡ? ರಸೀದಿ ಕೊಡಿ, ಈಗಲೇ ಕಟ್ಟುತ್ತೇನೆ.” ಹಲವು ಪ್ರಸಂಗಗಳು ಈ ಮಾತಿಗೇ ಮುಗಿದುಹೋಗುತ್ತವೆ. ರಾತ್ರಿ ನಡೆದಾಡಿದ್ದಕ್ಕೆ ದಂಡ ಹಾಕುವ ಕಾನೂನಿಲ್ಲ. ವಯಸ್ಕರಿಬ್ಬರು ಉದ್ಯಾನದಲ್ಲಿಯೋ ಕೆರೆ ದಂಡೆಯಲ್ಲಿಯೋ ಕುಳಿತು ಮಾತಾಡುವುದು ಅಪರಾಧವಲ್ಲ, ‘ಮನೆಯವರಿಗೆ ಫೋನ್ ಮಾಡುತ್ತೇವೆ’ ಎಂಬ ಬೆದರಿಕೆಗೆ ಹಣ ಕೊಡಬೇಕಾಗಿಯೂ ಇಲ್ಲ. ಗಸ್ತಿನ ಪೊಲೀಸರು ಹೆಸರು, ವಿಳಾಸ ಕೇಳಿದರೆ ಹೇಳಿ. ಅದಕ್ಕೆ ಜಗಳ ಬೇಡ.

ಸಂಚಾರ ನಿಯಮದ ವಿಷಯ ಸ್ವಲ್ಪ ಬೇರೆ, ಅಲ್ಲಿ ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವ ಅಧಿಕಾರ ಇದೆ. ಆದರೆ ಅದು ಎಎಸ್‌ಐ ಮತ್ತು ಮೇಲಿನ ದರ್ಜೆಯವರಿಗೆ. ಭುಜದ ಪಟ್ಟಿಯನ್ನು ನೋಡಿ. ಒಂದು ನಕ್ಷತ್ರ ಮತ್ತು ಕೆಂಪು–ನೀಲಿ ಪಟ್ಟಿ ಇದ್ದರೆ ಎಎಸ್‌ಐ, ಎರಡು ನಕ್ಷತ್ರವಾದರೆ ಪಿಎಸ್‌ಐ, ಮೂರಾದರೆ ಇನ್‌ಸ್ಪೆಕ್ಟರ್. ತೋಳಿನ ಮೇಲೆ ಪಟ್ಟೆಗಳಿದ್ದು ಭುಜದಲ್ಲಿ ನಕ್ಷತ್ರವಿಲ್ಲದಿದ್ದರೆ ಹೆಡ್ ಕಾನ್‌ಸ್ಟೆಬಲ್. ಕಟ್ಟಿದ ದಂಡಕ್ಕೆ ರಸೀದಿ ಸಿಗಲೇಬೇಕು. ಯಾರದೋ ವೈಯಕ್ತಿಕ ಯುಪಿಐಗೆ, ಪಕ್ಕದ ಬೀಡಾ ಅಂಗಡಿಯ ಕ್ಯೂಆರ್ ಕೋಡಿಗೆ ಹಾಕಿದ್ದು ಸರ್ಕಾರದ ದಂಡವಲ್ಲ. ಡಿಜಿಲಾಕರ್‌ನಲ್ಲಿರುವ ಚಾಲನಾ ಪರವಾನಗಿ ಮತ್ತು ಆರ್‌ಸಿ ಕಾನೂನುಬದ್ಧ ದಾಖಲೆಗಳು, ‘ಒರಿಜಿನಲ್ ಇಲ್ಲ’ ಎಂಬ ನೆಪಕ್ಕೆ ಹಣ ಕೊಡಬೇಡಿ.

ವಿಡಿಯೊ ಮಾಡಬಹುದೇ? ಸಾರ್ವಜನಿಕ ಸ್ಥಳದಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸಬಾರದು ಎಂಬ ಸಾಮಾನ್ಯ ನಿಷೇಧ ಇಲ್ಲ. ಠಾಣೆಯೊಳಗೆ ಚಿತ್ರೀಕರಿಸಿದ್ದು ಅಧಿಕೃತ ರಹಸ್ಯ ಕಾಯ್ದೆಯಡಿ ಅಪರಾಧವಾಗದು ಎಂದು ಬಾಂಬೆ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಮೊಬೈಲನ್ನು ಅವರ ಮುಖಕ್ಕೆ ಹಿಡಿಯಬೇಡಿ, ಕೈ ತಾಗಿಸಬೇಡಿ, ದಾರಿಗೆ ಅಡ್ಡ ನಿಲ್ಲಬೇಡಿ. ಎದೆಯ ಮಟ್ಟಕ್ಕೆ ಹಿಡಿದು, ಎರಡು ಹೆಜ್ಜೆ ಹಿಂದೆ ನಿಂತು ತೆಗೆಯಿರಿ. ಕರ್ತವ್ಯಕ್ಕೆ ಅಡ್ಡಿ (ನ್ಯಾಯ ಸಂಹಿತೆಯ 221ನೇ ಕಲಂ), ಸರ್ಕಾರಿ ನೌಕರನ ಮೇಲೆ ಹಲ್ಲೆ ಅಥವಾ ಬಲಪ್ರಯೋಗ (132ನೇ ಕಲಂ) ಎಂಬ ಪ್ರತಿದೂರುಗಳು ಹುಟ್ಟುವುದು ಇಂಥ ಎಳೆದಾಟದಲ್ಲಿಯೇ. ನೀವು ಬಳಸಿದ ಒಂದು ಬೈಗುಳ ಅವರ ಹತ್ತು ತಪ್ಪುಗಳನ್ನು ಮುಚ್ಚಿಬಿಡುತ್ತದೆ.

ವಿಡಿಯೊ ಸಾಧ್ಯವಾಗದಿದ್ದರೆ ಕಣ್ಣಿನಲ್ಲಿ ನಾಲ್ಕು ಸಂಗತಿ ಹಿಡಿದಿಟ್ಟುಕೊಳ್ಳಿ: ಎದೆಯ ಮೇಲಿನ ಹೆಸರಿನ ಪಟ್ಟಿ, ವಾಹನದ ನೋಂದಣಿ ಸಂಖ್ಯೆ, ಹೊಯ್ಸಳದ ಮೇಲೆ ದೊಡ್ಡದಾಗಿ ಬರೆದಿರುವ ಸಂಖ್ಯೆ, ಎದುರಿನ ಅಂಗಡಿಯ ಫಲಕ. ಸಾಧ್ಯವಿದ್ದರೆ ಅಲ್ಲಿಂದಲೇ 112ಕ್ಕೆ ಕರೆ ಮಾಡಿ. ಬೇರೆ ಗಸ್ತು ವಾಹನ ಬಾರದಿದ್ದರೂ ಆ ಹೊತ್ತಿನಲ್ಲಿ ನೀವು ನೆರವು ಕೇಳಿದ್ದಿರಿ ಎಂಬುದಕ್ಕೆ ದಾಖಲೆ ಉಳಿಯುತ್ತದೆ.

ಸಮವಸ್ತ್ರ ಹಾಕಿಕೊಂಡವರೆಲ್ಲ ಪೊಲೀಸರಲ್ಲ ಎಂಬುದನ್ನೂ ಮರೆಯಬೇಡಿ. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೋರಿಸಿ ‘ಡಿಜಿಟಲ್ ಅರೆಸ್ಟ್’ ಎನ್ನುವವರು ಶುದ್ಧ ವಂಚಕರು, ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ. ಆ ದೂರು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ, ತಡಮಾಡದೆ.

ಹಂತ 2: ಮನೆಗೆ ಬಂದ ಕೂಡಲೇ ಬರೆದಿಡಿ

ಮಲಗುವ ಮೊದಲೇ ಬರೆಯಬೇಕು. ಬೆಳಿಗ್ಗೆ ಎದ್ದಾಗ ಸಿಟ್ಟು ಹಾಗೆಯೇ ಇರುತ್ತದೆ, ವಿವರ ಮಸುಕಾಗಿರುತ್ತದೆ. ಜೊತೆಯಲ್ಲಿದ್ದವರು ಬೇರೆಯಾಗಿ ಬರೆಯಲಿ, ಒಬ್ಬರ ಬರಹ ನೋಡಿ ಇನ್ನೊಬ್ಬರು ತಿದ್ದಬಾರದು.

ಓದುಗರೊಬ್ಬರು ಕಳುಹಿಸಿದ್ದ ಟಿಪ್ಪಣಿ ಹೀಗಿತ್ತು: “12.20: ಎಟಿಎಂ ಎದುರು ಜೀಪು ನಿಂತಿತು. 12.24: ಕನ್ನಡಕ ಹಾಕಿದವರು ಆಧಾರ್ ಕೇಳಿದರು, ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. 12.30: ‘ಠಾಣೆಗೆ ಬಂದರೆ ಬೆಳಗಿನವರೆಗೆ ಕೂರಬೇಕು’ ಎಂದರು. 12.41: ಹಣ ಹಾಕಿದೆ, ಆಮೇಲೆ ಆಧಾರ್ ಕೊಟ್ಟರು.” ನಾಲ್ಕೇ ಸಾಲು. ಆದರೆ 12.41 ಎಂಬುದು ಯುಪಿಐ ಸಂದೇಶದ ಸಮಯಕ್ಕೆ ಕೂಡುತ್ತದೆ, ಎಟಿಎಂ ಎಂದಮೇಲೆ ಅಲ್ಲೊಂದು ಕ್ಯಾಮೆರಾ ಇರುತ್ತದೆ, ಬೆದರಿಸಿದ ಮಾತು ಆಡಿದಂತೆಯೇ ದಾಖಲಾಗಿದೆ. ತನಿಖಾಧಿಕಾರಿಗೆ ಹಿಡಿದುಕೊಂಡು ಹೋಗಲು ಮೂರು ಎಳೆ ಸಿಕ್ಕವು.

ಹಂತ 3: ಸಾಕ್ಷ್ಯವನ್ನು ಕೆಡದಂತೆ ಕಾಪಾಡಿ

ಯುಪಿಐ ಮೂಲಕ ಕೊಟ್ಟಿದ್ದರೆ ಆ ವಹಿವಾಟಿನ ಪುಟ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಹಣ ಪಡೆದವರ ಹೆಸರು, ಯುಪಿಐ ಐಡಿ, ಸಮಯ ಮತ್ತು 12 ಅಂಕಿಯ ಯುಟಿಆರ್ ಸಂಖ್ಯೆ ಅದರಲ್ಲಿ ಕಾಣಬೇಕು. ಯುಟಿಆರ್ ಎಂದರೆ ಬ್ಯಾಂಕು ಪ್ರತಿ ವರ್ಗಾವಣೆಗೂ ಕೊಡುವ ಗುರುತು. ಬ್ಯಾಂಕ್ ಖಾತೆಯ ಆ ದಿನದ ವಿವರಣಾ ಪಟ್ಟಿಯನ್ನೂ ಇಳಿಸಿಟ್ಟುಕೊಳ್ಳಿ.

ನಗದು ಕೊಟ್ಟಿದ್ದರೆ ಕಷ್ಟ ಹೆಚ್ಚು, ಆದರೆ ದಾರಿ ಮುಚ್ಚಿಲ್ಲ. ಆಗಷ್ಟೇ ಎಟಿಎಂನಿಂದ ತೆಗೆದು ಕೊಟ್ಟಿರಾ? ಆ ಚೀಟಿ ಅಥವಾ ಸಂದೇಶ ಇರಲಿ. ಯಾರಿಗಾದರೂ ಫೋನ್ ಮಾಡಿ ಹಣ ತರಿಸಿದಿರಾ? ಅವರೇ ಸಾಕ್ಷಿ.

ವಿಡಿಯೊ, ಧ್ವನಿಮುದ್ರಿಕೆ ಇದ್ದರೆ ಮೂಲ ಕಡತವನ್ನು ಮುಟ್ಟಬೇಡಿ. ಕತ್ತರಿಸುವುದು, ಬಾಣ ಬರೆಯುವುದು, ಹಾಡು ಸೇರಿಸುವುದು ಯಾವುದೂ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿ ಕುಗ್ಗಿರುತ್ತದೆ, ಅದನ್ನೇ ಮೂಲವೆಂದು ಇಟ್ಟುಕೊಂಡು ಮೊಬೈಲಿನದನ್ನು ಅಳಿಸುವ ತಪ್ಪನ್ನು ಹಲವರು ಮಾಡಿದ್ದಾರೆ. ಮೂಲವನ್ನು ನಿಮ್ಮದೇ ಇಮೇಲಿಗೋ ಕ್ಲೌಡ್ ಖಾತೆಗೋ ಹಾಕಿಡಿ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಂತೆ ಪ್ರಮಾಣಪತ್ರ ಬೇಕಾಗುತ್ತದೆ. ವಕೀಲರು ಅದನ್ನು ಸಿದ್ಧಪಡಿಸುತ್ತಾರೆ, ಆದರೆ ಆ ಮೊಬೈಲನ್ನು ಅಲ್ಲಿಯವರೆಗೆ ಮಾರಬೇಡಿ.

ಸಿಸಿಟಿವಿ ವಿಷಯದಲ್ಲಿ ಕೈ ಚುರುಕಾಗಿರಲಿ. ಅಂಗಡಿ, ಅಪಾರ್ಟ್‌ಮೆಂಟ್‌ಗಳ ಕ್ಯಾಮೆರಾದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ಬರೆದುಕೊಳ್ಳುತ್ತದೆ. ಮರುದಿನವೇ ಹೋಗಿ ಇಷ್ಟರಿಂದ ಇಷ್ಟರವರೆಗಿನ ದೃಶ್ಯ ಉಳಿಸಿಕೊಡಿ ಎಂದು ವಿನಂತಿಸಿ. ನಿಮ್ಮನ್ನು ಠಾಣೆಗೆ ಕರೆದೊಯ್ದಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ. ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯವನ್ನು 18 ತಿಂಗಳು ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ದೂರಿನಲ್ಲಿಯೇ ‘ಇಂಥ ದಿನ ಇಂಥ ಅವಧಿಯ ಠಾಣೆಯ ಸಿಸಿಟಿವಿ ದೃಶ್ಯವನ್ನು ಸಂರಕ್ಷಿಸಬೇಕು’ ಎಂಬ ಒಂದು ಸಾಲು ಸೇರಿಸಿ. ಆಮೇಲೆ ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬಂದರೆ ಆ ಉತ್ತರಕ್ಕೂ ಯಾರಾದರೂ ಹೊಣೆಯಾಗಬೇಕಾಗುತ್ತದೆ.

ಹಂತ 4: ಏಳು ದಿನದೊಳಗೆ ಲಿಖಿತ ದೂರು

ಹಣ ಪಡೆದ ಸಿಬ್ಬಂದಿಯ ಠಾಣೆಗೇ ಒಬ್ಬರೇ ಹೋಗಿ ನಿಲ್ಲಬೇಡಿ. ದಾರಿಗಳು ಬೇರೆ ಇವೆ.

ಮೊದಲನೆಯದು, ಮೇಲಧಿಕಾರಿಯ ಕಚೇರಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ನಗರಗಳಲ್ಲಿ ಡಿಸಿಪಿ ಅಥವಾ ಪೊಲೀಸ್ ಆಯುಕ್ತರಿಗೆ, ಉಳಿದೆಡೆ ಜಿಲ್ಲಾ ಎಸ್‌ಪಿಗೆ ಕೊಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ದಿನಾಂಕವಿರುವ ಮೊಹರು ಹಾಕಿಸಿಕೊಂಡು ಬನ್ನಿ. ಅದೇ ಸ್ವೀಕೃತಿ. ಮೊಹರು ಹಾಕಲು ಒಪ್ಪದಿದ್ದರೆ ಅಂದೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತು ತಲುಪಿದ ವಿವರದ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಇಮೇಲನ್ನೂ ಕಳುಹಿಸಿ.

ಎರಡನೆಯದು, ಲೋಕಾಯುಕ್ತ. 2016ರಲ್ಲಿ ಹುಟ್ಟಿದ ಭ್ರಷ್ಟಾಚಾರ ನಿಗ್ರಹ ದಳವನ್ನು, ಅಂದರೆ ಎಸಿಬಿಯನ್ನು, ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿತು. ಈಗಲೂ ‘ಎಸಿಬಿಗೆ ದೂರು ಕೊಡಬೇಕೇ’ ಎಂದು ಕೇಳುವವರಿದ್ದಾರೆ, ಕರ್ನಾಟಕದಲ್ಲಿ ಅದು ಇಲ್ಲ. ಅಧಿಕಾರ ಮರಳಿ ಲೋಕಾಯುಕ್ತ ಪೊಲೀಸರ ಕೈಗೆ ಬಂದಿದೆ. ಜಿಲ್ಲೆಗಳಲ್ಲಿ ಅವರ ಠಾಣೆಗಳಿವೆ, ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಡಾ. ಬಿ.ಆರ್. ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿದೆ. ಲೋಕಾಯುಕ್ತ ಸಂಸ್ಥೆಗೆ ಕೊಡುವ ದೂರಿಗೆ ನಮೂನೆ 1, ಜೊತೆಗೆ ಪ್ರಮಾಣಪತ್ರವಾಗಿ ನಮೂನೆ 2 ತುಂಬಬೇಕು. ಪ್ರಮಾಣ ಮಾಡಿ ಹೇಳುವ ಮಾತಾದ್ದರಿಂದ ಅದರಲ್ಲಿ ಊಹೆಗೆ ಜಾಗವಿಲ್ಲ. ನೋಡಿದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಿರಿ.

ಮೂರನೆಯದು, ಎಫ್‌ಐಆರ್. ಸುಲಿಗೆ ಸಂಜ್ಞೇಯ ಅಪರಾಧ, ಅಂದರೆ ನ್ಯಾಯಾಲಯದ ಅಪ್ಪಣೆ ಇಲ್ಲದೆಯೇ ಪೊಲೀಸರು ಪ್ರಕರಣ ದಾಖಲಿಸಬಲ್ಲ ಅಪರಾಧ. ಅಂಥ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ಕೊಡಬಹುದು. ಇದನ್ನೇ ಜೀರೊ ಎಫ್‌ಐಆರ್ ಎನ್ನುತ್ತಾರೆ. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

ಇಲ್ಲಿ ಬಹಳ ಜನ ಜಾರುವ ಜಾಗವೊಂದಿದೆ. ದೂರು ತೆಗೆದುಕೊಂಡು ‘ಎನ್‌ಸಿಆರ್’ ಎಂಬ ಚೀಟಿ ಕೊಡುತ್ತಾರೆ, ಜನ ಅದನ್ನೇ ಎಫ್‌ಐಆರ್ ಎಂದುಕೊಂಡು ನೆಮ್ಮದಿಯಿಂದ ಮನೆಗೆ ಬರುತ್ತಾರೆ. ಎಫ್‌ಐಆರ್ ಪ್ರತಿಯಲ್ಲಿ ಅಪರಾಧ ಸಂಖ್ಯೆ ಮತ್ತು ಕಲಂಗಳು ಇರುತ್ತವೆ, ಅದನ್ನು ನಿಮಗೆ ಉಚಿತವಾಗಿ ಕೊಡಬೇಕು. ಎನ್‌ಸಿಆರ್ ಎಂದರೆ ಸಂಜ್ಞೇಯವಲ್ಲದ ವಿಷಯ ಎಂದು ಬರೆದುಕೊಂಡ ದಾಖಲೆ ಮಾತ್ರ. ಕೈಗೆ ಬಂದ ಕಾಗದವನ್ನು ಅಲ್ಲಿಯೇ ನಿಂತು ಓದಿ.

ಸುಪ್ರೀಂ ಕೋರ್ಟ್‌ನ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ರೂಪುಗೊಂಡ ಪೊಲೀಸ್ ದೂರು ಪ್ರಾಧಿಕಾರಕ್ಕೂ ಬರೆಯಬಹುದು. ಪೊಲೀಸರ ಸುಲಿಗೆ, ಮನೆ–ಜಮೀನು ಕಬಳಿಕೆ, ಅಧಿಕಾರದ ಗಂಭೀರ ದುರ್ಬಳಕೆಯ ದೂರುಗಳನ್ನು ಜಿಲ್ಲಾ ಮಟ್ಟದ ಪ್ರಾಧಿಕಾರ ವಿಚಾರಿಸಬಹುದು ಎಂದು ಆ ತೀರ್ಪು ಹೇಳುತ್ತದೆ. ಹೊಡೆತ, ಅಕ್ರಮ ಬಂಧನವೂ ಆಗಿದ್ದರೆ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ಬರೆಯಿರಿ. ಆದರೆ ಇವೆರಡೂ ಜೊತೆಗಿರುವ ದಾರಿಗಳು. ಮೇಲಿನ ಮೂರರಲ್ಲಿ ಒಂದನ್ನಾದರೂ ಏಳು ದಿನದೊಳಗೆ ಮಾಡದೆ ಇವುಗಳ ಹಿಂದೆ ಹೋಗಬೇಡಿ.

ಇನ್ನೂ ಕೊಟ್ಟಿಲ್ಲ, ಕೇಳುತ್ತಿದ್ದಾರೆ ಎಂದಾದರೆ

ವಶಪಡಿಸಿಕೊಂಡ ಗಾಡಿ ಬಿಡಲು, ಪಾಸ್‌ಪೋರ್ಟ್ ಪರಿಶೀಲನೆಗೆ, ತಿಂಗಳ ಮಾಮೂಲಿಗೆ ಹಣ ಕೇಳುತ್ತಿದ್ದು ನೀವಿನ್ನೂ ಕೊಟ್ಟಿಲ್ಲದಿದ್ದರೆ ದಯವಿಟ್ಟು ಪೋಸ್ಟ್ ಹಾಕಬೇಡಿ. ಈ ಒಂದು ಸಂದರ್ಭದಲ್ಲಿ ಮೌನವೇ ನಿಮ್ಮ ಬಲ. ನೇರವಾಗಿ ಲೋಕಾಯುಕ್ತ ಪೊಲೀಸರ ಬಳಿ ಹೋಗಿ.

ಅವರು ಮಾಡುವ ಕಾರ್ಯಾಚರಣೆಗೆ ಟ್ರ್ಯಾಪ್ ಎಂದು ಹೆಸರು. ನೀವು ತಂದ ನೋಟುಗಳ ಸಂಖ್ಯೆಗಳನ್ನು ಇಬ್ಬರು ಪಂಚರ, ಅಂದರೆ ಸ್ವತಂತ್ರ ಸಾಕ್ಷಿಗಳ, ಎದುರು ಬರೆದುಕೊಳ್ಳುತ್ತಾರೆ. ನೋಟುಗಳಿಗೆ ಫಿನಾಫ್ತಲೀನ್ ಎಂಬ ಬಿಳಿ ಪುಡಿ ಸವರುತ್ತಾರೆ. ಕೇಳಿದರೆ ಮಾತ್ರ ಕೊಡಿ, ನೀವಾಗಿ ಚಾಚಬೇಡಿ ಎಂದು ಎರಡೆರಡು ಬಾರಿ ಹೇಳುತ್ತಾರೆ. ಆ ಸೂಚನೆಯನ್ನು ಅಕ್ಷರಶಃ ಪಾಲಿಸಿ, ಏಕೆಂದರೆ ಬೇಡಿಕೆ ಸಾಬೀತಾಗದೆ ಬಿದ್ದುಹೋದ ಟ್ರ್ಯಾಪ್ ಪ್ರಕರಣಗಳು ಬೇಕಾದಷ್ಟಿವೆ. ಹಣ ಪಡೆದ ಮೇಲೆ ಆ ವ್ಯಕ್ತಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನ ಲೋಟದಲ್ಲಿ ಅದ್ದಿಸುತ್ತಾರೆ. ತಿಳಿಯಾಗಿದ್ದ ನೀರು ನೋಡುತ್ತಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆ ನೀರನ್ನು ಸೀಸೆಗೆ ತುಂಬಿ ಮೊಹರು ಮಾಡುತ್ತಾರೆ. ಮೊದಲೇ ತಿಳಿಸಿ ಹೀಗೆ ಹಣ ಕೊಟ್ಟವರಿಗೆ ಲಂಚ ಕೊಟ್ಟ ಆರೋಪ ತಗಲುವುದಿಲ್ಲ.

ಬೀದಿ ಬದಿ ವ್ಯಾಪಾರಿಗಳಿಗೆ, ಆಟೊ ಚಾಲಕರಿಗೆ ಈ ದಾರಿ ಹೆಚ್ಚು ಹೊಂದುತ್ತದೆ. ದಿನಾ ಅದೇ ಮೂಲೆಯಲ್ಲಿ ನಿಲ್ಲಬೇಕಾದವರು ಹೆಸರು ಹಾಕಿ ಪೋಸ್ಟ್ ಮಾಡಿದರೆ ಮರುದಿನ ಗಾಡಿ ಎಲ್ಲಿ ಹಚ್ಚುತ್ತಾರೆ? ಅವರ ಅಂಜಿಕೆ ನ್ಯಾಯವಾದದ್ದು. ವ್ಯಾಪಾರ ಪ್ರಮಾಣಪತ್ರ ಪಡೆದು ಅದರ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಪೊಲೀಸರು ತಡೆಯುವಂತಿಲ್ಲ ಎಂದು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆ ಪ್ರಮಾಣಪತ್ರದ ನಕಲು ಗಾಡಿಯಲ್ಲಿಯೇ ಇರಲಿ, ದೂರನ್ನು ಸಂಘದ ಮೂಲಕ ಕೊಡಿಸಿ.

ಹಂತ 5: ಈಗ ಪೋಸ್ಟ್

ಸ್ವೀಕೃತಿ ಕೈಗೆ ಬಂದ ಮೇಲೆ ಪೋಸ್ಟ್ ಹಾಕುವುದು ಉತ್ತಮ. ಕಾಯಲಾಗದಷ್ಟು ತುರ್ತಾಗಿದ್ದರೆ ಮೊದಲೇ ಹಾಕಿ, ಅಂದೇ ದೂರು ಕೊಡಿ, ಸಂಖ್ಯೆಯನ್ನು ಅದರ ಕೆಳಗೆ ಸೇರಿಸಿ. ಮಾದರಿ ಹೀಗಿರಲಿ:

“(ದಿನಾಂಕ) ರಾತ್ರಿ 12.20ಕ್ಕೆ (ಸ್ಥಳ) ಬಳಿ (ಸಂಖ್ಯೆ) ಗಸ್ತು ವಾಹನದ ಇಬ್ಬರು ಸಿಬ್ಬಂದಿ ನನ್ನನ್ನೂ ನನ್ನ ಪತ್ನಿಯನ್ನೂ ತಡೆದರು. ರಾತ್ರಿ ಓಡಾಡಿದ್ದಕ್ಕೆ ಕೇಸು ಹಾಕುವುದಾಗಿ ಹೇಳಿ 2,000 ರೂಪಾಯಿ ಕೇಳಿದರು. 12.41ಕ್ಕೆ ಯುಪಿಐ ಮೂಲಕ 1,500 ರೂಪಾಯಿ ಕೊಡಬೇಕಾಯಿತು. ರಸೀದಿ ಕೊಡಲಿಲ್ಲ. ಇಂದು ಡಿಸಿಪಿ ಕಚೇರಿಗೆ ಲಿಖಿತ ದೂರು ಕೊಟ್ಟಿದ್ದೇನೆ, ಸ್ವೀಕೃತಿ ಸಂಖ್ಯೆ ಇಷ್ಟು. ಪಾವತಿ ದಾಖಲೆ ನನ್ನ ಬಳಿ ಇದೆ. ತನಿಖೆ ನಡೆಸಬೇಕೆಂದು ಕೋರುತ್ತೇನೆ.”

ನಗರ ಪೊಲೀಸ್ ಆಯುಕ್ತರು, ಸಂಬಂಧಪಟ್ಟ ಡಿಸಿಪಿ ಅಥವಾ ಜಿಲ್ಲಾ ಎಸ್‌ಪಿ, ರಾಜ್ಯ ಪೊಲೀಸ್ ಮಹಾನಿರ್ದೇಶಕರ ಅಧಿಕೃತ ಖಾತೆಗಳಿಗೆ ಟ್ಯಾಗ್ ಮಾಡಿದರೆ ಸಾಕು. ಮುಖ್ಯಮಂತ್ರಿಯಿಂದ ಹಿಡಿದು ಇಪ್ಪತ್ತು ವಾಹಿನಿಗಳವರೆಗೆ ಟ್ಯಾಗ್ ಮಾಡಿದ ಪೋಸ್ಟನ್ನು ಪ್ರತಿಯೊಬ್ಬರೂ ಇನ್ನೊಬ್ಬರ ಕೆಲಸ ಎಂದುಕೊಳ್ಳುತ್ತಾರೆ. ಎಕ್ಸ್‌ನಲ್ಲಿ ಸರ್ಕಾರಿ ಖಾತೆಗಳಿಗೆ ಬೂದು ಬಣ್ಣದ ಗುರುತು ಇರುತ್ತದೆ, ನೋಡಿಕೊಳ್ಳಿ. ಕನ್ನಡದಲ್ಲಿಯೇ ಬರೆಯಿರಿ, ಓದಬೇಕಾದ ಅಧಿಕಾರಿಗೆ ಕನ್ನಡ ಬರುತ್ತದೆ.

ಪೋಸ್ಟಿನಲ್ಲಿ ಇರಬಾರದವು: ನಿಮ್ಮ ಆಧಾರ್, ಮನೆ ವಿಳಾಸ, ಫೋನ್ ಸಂಖ್ಯೆ. ಆ ಸಿಬ್ಬಂದಿಯ ಮನೆಯವರ ಫೋಟೊ, ಜಾತಿ, ಧರ್ಮ. ಕ್ಯೂಆರ್ ಕೋಡಿನಲ್ಲಿ ಕಂಡ ಹೆಸರನ್ನೂ ಮುಚ್ಚಿ, ಅದು ಏನೂ ತಿಳಿಯದ ಚಹಾ ಅಂಗಡಿಯವರದ್ದಾಗಿರಬಹುದು. ಪೂರ್ಣ ವಿವರ ದೂರಿನಲ್ಲಿರಲಿ. ‘ಇಡೀ ಠಾಣೆಯೇ ಕಳ್ಳರದ್ದು’ ಎಂಬಂಥ ಮಾತು ಬೇಡ. ನಿಮಗೆ ಗೊತ್ತಿರುವುದು ಇಬ್ಬರ ವಿಷಯ. ನ್ಯಾಯ ಸಂಹಿತೆಯಲ್ಲಿ ಮಾನಹಾನಿಯ 356ನೇ ಕಲಂ ಇನ್ನೂ ಜೀವಂತವಾಗಿದೆ, ಆದರೆ ಸರ್ಕಾರಿ ನೌಕರನ ಕರ್ತವ್ಯದ ನಡತೆಯ ಬಗ್ಗೆ ಸದ್ಭಾವನೆಯಿಂದ ಆಡಿದ ಅಭಿಪ್ರಾಯಕ್ಕೆ ಅದರಲ್ಲಿಯೇ ವಿನಾಯಿತಿ ಇದೆ. ‘66ಎ ಹಾಕುತ್ತೇವೆ’ ಎಂದು ಹೆದರಿಸಿದರೆ ಹೆದರಬೇಡಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಂ 2015ರ ಮಾರ್ಚ್ 24ರಂದೇ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. ಸುಳ್ಳು ಮಾತ್ರ ಒಂದು ಸಾಲೂ ಬೇಡ. 1,000 ಕೊಟ್ಟು 5,000 ಎಂದು ಬರೆದರೆ ಅಲ್ಲಿಗೆ ನಿಮ್ಮ ದೂರು ಮುಗಿಯಿತು.

ಹಂತ 6: ಪೋಸ್ಟ್ ಹಾಕಿದ ಮೇಲೆ ಬರುವ ಕರೆಗಳು

ಮೊದಲ ಕರೆ ವಂಚಕರದ್ದಾಗಿರಬಹುದು. ಪೊಲೀಸ್ ಸಹಾಯವಾಣಿ ಎಂಬ ಹೆಸರಿನ ಖಾತೆ ಬಂದು ‘ಹಣ ವಾಪಸು ಕೊಡಿಸುತ್ತೇವೆ, ಈ ಲಿಂಕ್ ಒತ್ತಿ’ ಎನ್ನುತ್ತದೆ. ಒತ್ತಬೇಡಿ. ನಿಜವಾದ ಅಧಿಕಾರಿ ಒಟಿಪಿ ಕೇಳುವುದಿಲ್ಲ. ಫೋನ್ ಸಂಖ್ಯೆಯನ್ನು ಅಧಿಕೃತ ಖಾತೆಯ ಖಾಸಗಿ ಸಂದೇಶದಲ್ಲಿ ಮಾತ್ರ ಕೊಡಿ.

ಎರಡನೆಯ ಕರೆ ಆ ಸಿಬ್ಬಂದಿಯದ್ದೇ, ಇಲ್ಲವೇ ಅವರ ಪರಿಚಯದವರದ್ದು. “ಅಣ್ಣಾ, ಹೆಂಡತಿ ಮಕ್ಕಳಿದ್ದಾರೆ, ದುಡ್ಡು ವಾಪಸು ಹಾಕಿದ್ದೇನೆ, ಡಿಲೀಟ್ ಮಾಡಿಬಿಡಿ.” ಕೇಳಿದರೆ ಮನಸ್ಸು ಕರಗುತ್ತದೆ. ಆದರೂ ಅಳಿಸಬೇಡಿ. ಅಳಿಸಿದ ಮರುಕ್ಷಣ ‘ದೂರುದಾರರೇ ಹಿಂದೆ ಸರಿದಿದ್ದಾರೆ’ ಎಂದು ಬರೆದುಕೊಳ್ಳುತ್ತಾರೆ, ನೀವು ಸುಳ್ಳು ಬರೆದಿರಿ ಎನ್ನುವುದಕ್ಕೂ ಅದೇ ಆಧಾರವಾಗುತ್ತದೆ. ಹಣ ಖಾತೆಗೆ ಮರಳಿ ಬಂದಿದ್ದರೆ ಅದರ ಯುಟಿಆರ್ ಸಂಖ್ಯೆಯನ್ನೂ ದೂರಿಗೆ ಸೇರಿಸಿ, ಪಡೆದಿದ್ದರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ.

ಮೂರನೆಯದು ಹೇಳಿಕೆಗಾಗಿ ಬರುವ ಕರೆ. ಇದಕ್ಕೆ ಹೋಗಲೇಬೇಕು. ಲಿಖಿತ ನೋಟಿಸ್ ಕೇಳಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಸಾಕ್ಷಿಯಾಗಿ ಹೇಳಿಕೆ ಕೊಡಲು ಮಹಿಳೆಯರನ್ನು, 15 ವರ್ಷದೊಳಗಿನವರನ್ನು, 60 ದಾಟಿದವರನ್ನು ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ, ಅವರಿರುವಲ್ಲಿಗೇ ಬರಬೇಕು. ಬರೆದುಕೊಂಡ ಹೇಳಿಕೆಯನ್ನು ಓದಿಸಿ ಕೇಳಿ, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿ. ಪೋಸ್ಟಿನಲ್ಲಿ ಸಿಡಿದು ಬರೆದವರೇ ಈ ದಿನ ಬೇಸತ್ತು, ಹೇಳಿಕೆ ಕೊಡಲು ಹೋಗದೆ ಮನೆಯಲ್ಲೇ ಉಳಿದುಬಿಡುತ್ತಾರೆ. ಇಲಾಖಾ ವಿಚಾರಣೆ ಬಿದ್ದುಹೋಗುವುದು ಬಹಳ ಸಲ ಇಲ್ಲಿಯೇ. ಒಂದು ದಿನದ ಸಂಬಳ ಹೋದರೂ ಹೋಗಿ ಬನ್ನಿ ಎಂದು ಕೈಮುಗಿದು ಕೇಳುತ್ತೇನೆ.

ಹಂತ 7: ಏನೂ ಆಗದಿದ್ದರೆ

ಠಾಣೆ ಎಫ್‌ಐಆರ್ ದಾಖಲಿಸದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಎಸ್‌ಪಿ ಅಥವಾ ಡಿಸಿಪಿಗೆ ಅಂಚೆಯಲ್ಲಿ ದೂರಿನ ಸಾರಾಂಶ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು. ಇದಕ್ಕೆ ವಕೀಲರ ನೆರವು ಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.

ಅಮಾನತಾದವರ ಇಲಾಖಾ ವಿಚಾರಣೆ ಎಲ್ಲಿಗೆ ಬಂತು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉದ್ದನೆಯ ಕಥೆ ಬರೆದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ಹೀಗೆ ಕೇಳಿ: “ನನ್ನ (ದಿನಾಂಕ) ದೂರಿನ (ಸ್ವೀಕೃತಿ ಸಂಖ್ಯೆ) ಮೇಲೆ ಕೈಗೊಂಡ ಕ್ರಮದ ಆದೇಶದ ಪ್ರತಿ, ವಿಚಾರಣಾಧಿಕಾರಿಯ ಹುದ್ದೆ, ವಿಚಾರಣೆ ಈಗಿರುವ ಹಂತ.” ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ.

ಬಂದ ಹಿಂಬರಹವನ್ನು, ಅಂದರೆ ಕಚೇರಿ ಕೊಡುವ ಲಿಖಿತ ಉತ್ತರವನ್ನು, ವೈಯಕ್ತಿಕ ವಿವರ ಮುಚ್ಚಿ ಹಳೆಯ ಪೋಸ್ಟಿನ ಕೆಳಗೇ ಹಾಕಿ. ಅದೇ ಜಾಗದಲ್ಲಿ, ಅದೇ ರಾತ್ರಿ ಪಾಳಿಯಲ್ಲಿ ಮುಂದೊಬ್ಬರನ್ನು ತಡೆದಾಗ, ಮನೆಗೆ ಬಂದು ಆ ರಸ್ತೆಯ ಹೆಸರು ಹಾಕಿ ಹುಡುಕುವವರಿಗೆ ಅದು ಸಿಗುತ್ತದೆ.